ಅತ್ತಿಗೆ ತೊಳೆದ ಜಾಡಿಗಳು

ನಮ್ಮತ್ತಿಗೆಗೆ ಕೊಳೆ ಕಂಡರೆ ಆಗುವುದಿಲ್ಲ. ಇಪ್ಪತ್ತಾರು ವರ್ಷ ಆಸ್ಪತ್ರೆಯ ಅಡುಗೆಮನೆಯಲ್ಲಿ ಪಾತ್ರೆ ತೊಳೆದವಳು. ಅವಳು ತೊಳೆದಿಟ್ಟ ಹಂಡೆಯಲ್ಲಿ ಮುಖ ನೋಡಿಕೊಂಡು ಮೀಸೆ ಕತ್ತರಿಸಬಹುದು. ಅಲ್ಲಿನ ಅಡುಗೆಯವನಾದ ನಾನು ಸೌಟನ್ನು ಎಲ್ಲೆಂದರಲ್ಲಿ ಇಟ್ಟು ಬೈಸಿಕೊಂಡದ್ದು ಅಷ್ಟಿಷ್ಟಲ್ಲ. ಎಲ್ಲರ ಬಾಯಲ್ಲೂ ಅವಳು ‘ಫಳಫಳಮ್ಮ’.

ಹೋದ ವರ್ಷ ಅವಳ ಮಂಡಿ ಕೈಕೊಟ್ಟಿತು. ಇನ್ನು ತೊಟ್ಟಿಯ ಮುಂದೆ ನಿಲ್ಲಕೂಡದು ಎಂದರು ವೈದ್ಯರು. ಅದೇ ಹೊತ್ತಿಗೆ ಲ್ಯಾಬಿನ ಹುಡುಗಿಯೊಬ್ಬಳು ಹನ್ನೆರಡು ಜಾಡಿ ತಂದು ಹಿಂಬಾಗಿಲ ಬಳಿ ಸಾಲಾಗಿ ಇಟ್ಟಳು. ಸಿಪ್ಪೆ, ಎಂಜಲು ಅರೆದ ನೀರನ್ನು ಅವಕ್ಕೆ ಹಾಕಬೇಕು. ಒಳಗಿನ ಸೂಕ್ಷ್ಮಜೀವಿಗಳು ಅದನ್ನು ತಿಂದು ಕರೆಂಟು ಕೊಡುತ್ತವಂತೆ. ನಾನು ನಕ್ಕೆ. ತಂತಿಯ ತುದಿಯಲ್ಲಿ ಪುಟ್ಟ ದೀಪ ಹತ್ತಿಕೊಂಡಾಗ ಬಾಯಿ ಮುಚ್ಚಿದೆ. ಅವನ್ನು ನೋಡಿಕೊಳ್ಳುವುದು ಕೂತೇ ಮಾಡುವ ಕೆಲಸ. ಜಾಡಿಗಳನ್ನು ನೋಡಲು ಬರಲಿದ್ದ ತಪಾಸಣೆಯ ಸಾಹೇಬರು ಒಪ್ಪಿದರೆ ಜಾಡಿಗಳ ಉಸ್ತುವಾರಿ ಅತ್ತಿಗೆಯದು. ಒಪ್ಪದಿದ್ದರೆ ಅವಳಿಗೆ ಮನೆಯೇ ಗತಿ.

ತಪಾಸಣೆಗೆ ಮೂರು ವಾರ ಉಳಿದಿರುವಾಗ ಅತ್ತಿಗೆ ಜಾಡಿಗಳ ಮುಚ್ಚಳ ತೆಗೆದು ನೋಡಿದಳು. ಒಳಗೆ ತಂತಿಗೆ ಸಿಕ್ಕಿಸಿದ್ದ ಇದ್ದಿಲ ಬಟ್ಟೆಯ ಮೇಲೆ ದಪ್ಪಗೆ ಲೋಳೆ. ಸಾಹೇಬರು ನೋಡಿದರೆ ಏನಂದಾರು? ಸೋಪು ಹಾಕಿ, ಕುದಿಯುವ ನೀರು ಹುಯ್ದು, ಹನ್ನೆರಡನ್ನೂ ತಿಕ್ಕಿ ತೊಳೆದಳು. ಮತ್ತೆ ಜೋಡಿಸಿದರೆ ದೀಪ ಹತ್ತಲೇ ಇಲ್ಲ.

ಹುಡುಗಿ ಬಂದವಳು ತಲೆ ಮೇಲೆ ಕೈ ಹೊತ್ತು ಕೂತಳು. “ಯಾರು ಮಾಡಿದ್ದು ಇದನ್ನ?”

ಗೊತ್ತಿಲ್ಲ ಅನ್ನು ಎಂದು ನಾನು ಕಣ್ಸನ್ನೆ ಮಾಡಿದೆ. ಅತ್ತಿಗೆ ನನ್ನತ್ತ ನೋಡಲೂ ಇಲ್ಲ.

“ನಾನೇ ಕಣಮ್ಮ. ಗಲೀಜಾಗಿತ್ತು, ತೊಳೆದೆ.”

“ಅಮ್ಮಾ, ಆ ಲೋಳೇಲೇ ಅವು ಇದ್ದದ್ದು. ಒಂದೂ ಉಳಿದಿಲ್ಲ.”

ಅತ್ತಿಗೆಯ ಮುಖ ಬಾಡಿತು. ಆದರೆ ಕೈಕಟ್ಟಿ ಕೂರುವ ಪೈಕಿ ಅಲ್ಲ ಅವಳು.

“ಮತ್ತೆ ಬರೋಕೆ ಏನು ಬೇಕು?”

“ಗಾಳಿ ಆಡದ ಜಾಗದ ಕೆಸರು. ಎರಡು ವಾರವಾದ್ರೂ ಬೇಕು.”

“ಕೆಸರು ತಾನೆ? ಈ ಮೋರಿ ಜೊತೆ ಇಪ್ಪತ್ತಾರು ವರ್ಷ ಜಗಳ ಆಡಿದೀನಿ. ಅದು ಎಲ್ಲಿ ಅಡಗಿರುತ್ತೆ ಅಂತ ನನಗೆ ಗೊತ್ತಿಲ್ವಾ?”

ಅವಳು ಸ್ಟೂಲಿನ ಮೇಲೆ ಕೂತು ಬೆರಳು ತೋರಿಸಿದಳು, ಮೂಗು ಕಟ್ಟಿಕೊಂಡು ಮೋರಿಗಿಳಿದವನು ನಾನು. ಆ ಕೆಸರನ್ನು ಜಾಡಿಗಳಿಗೆ ಹಾಕಿದ ಮೇಲೆ ದಿನಕ್ಕೊಂದೇ ಸೌಟು ಉಣಿಸು. ಜಾಡಿ ಮೂಸಿ ನೋಡುವಳು. ಹುಳಿ ನಾತ ಬಂದರೆ, “ಇದಕ್ಕೆ ಅಜೀರ್ಣ, ಇವತ್ತು ಉಪವಾಸ” ಎನ್ನುವಳು. ಹದಿನೇಳನೆಯ ದಿನ ದೀಪ ಮಿಣುಕಿತು. ಇಪ್ಪತ್ತನೆಯ ದಿನಕ್ಕೆ ನೆಟ್ಟಗೆ ಉರಿಯಿತು.

ಮರುದಿನ ಬಂದ ಸಾಹೇಬರು ಒಂದು ಜಾಡಿಯ ಮುಚ್ಚಳ ತೆಗೆದು, ಮೂಗು ಮುರಿದು, ಒಳಗೆ ಕೈ ಹಾಕಹೋದರು. “ಒಳಗೆ ಇಷ್ಟು ಕೊಳಕಾ? ತೊಳೆಯೋದಲ್ವಾ?”

“ಮುಟ್ಟಬೇಡಿ” ಎಂದಳು ಅತ್ತಿಗೆ.

ಸಾಹೇಬರ ಹುಬ್ಬು ಮೇಲೇರಿತು. “ನಾಳೆ ಇದು ಕೆಟ್ಟರೆ ಜವಾಬ್ದಾರಿ ಯಾರದು?”

ಹುಡುಗಿ ಬಾಯಿ ತೆರೆಯುವಷ್ಟರಲ್ಲಿ ಅತ್ತಿಗೆ ಹೇಳಿಬಿಟ್ಟಳು: “ನಂದೇ ಸ್ವಾಮಿ. ಒಂದು ಸಲ ತೊಳೆದು ಕೊಂದವಳೂ ನಾನೇ, ಬದುಕಿಸಿದವಳೂ ನಾನೇ. ಎರಡೂ ಬಲ್ಲವರು ಇಲ್ಲಿ ಬೇರೆ ಯಾರಿದಾರೆ, ತೋರಿಸಿ.”

ಸಾಹೇಬರು ಕೈ ಹಿಂದಕ್ಕೆ ತೆಗೆದು, ತಪಾಸಣೆಯ ಕಾಗದದಲ್ಲಿ ಉಸ್ತುವಾರಿಯ ಜಾಗಕ್ಕೆ ಅವಳ ಹೆಸರು ಬರೆದರು.