ಡೆಸ್ಕಿನ ಮೂಲೆಯ ಬಿಳಿ ಚುಕ್ಕಿ

ಬೆಳಿಗ್ಗೆ ಆರೂವರೆ. ಸತ್ಯಮಂಗಲದ ಕಡೆ ಪಾಳಿ ಮುಗಿಸಿ ಬಂದ ಕಾರ್ಖಾನೆಯವರು ಟೀ ಅಂಗಡಿಯ ಮುಂದೆ ಆಕಳಿಸುತ್ತ ನಿಂತಿದ್ದಾರೆ. ಅಲ್ಲಿಂದ ಎರಡು ತಿರುವು ದಾಟಿದರೆ ಒಂದು ಪ್ರೌಢಶಾಲೆ. ಅದರ ಎಂಟನೇ ತರಗತಿ ‘ಬಿ’ ವಿಭಾಗದ ಕೋಣೆಯೊಳಗೆ ಐವತ್ತಮೂರು ವರ್ಷದ ಜಮಾಲುನ್ನೀಸಾ ಒದ್ದೆ ಬಟ್ಟೆ ಹಿಡಿದು ಒಂದು ಡೆಸ್ಕಿನ ಮುಂದೆ ಸುಮ್ಮನೆ ನಿಂತಿದ್ದಾರೆ. ಬಟ್ಟೆಯ ನೀರು ಕಾಲ ಮೇಲೆ ತೊಟ್ಟಿಕ್ಕುತ್ತಿರುವುದೂ ಅವರಿಗೆ ತಿಳಿದಂತಿಲ್ಲ.

ಡೆಸ್ಕಿನ ಮೇಲೆ ಪೆನ್ಸಿಲ್ಲಿನಲ್ಲಿ, ಇರುವೆ ಸಾಲಿನಂಥ ಸಣ್ಣ ಅಕ್ಷರದಲ್ಲಿ ಬರೆದಿದೆ: ‘ಜಮಾಲಮ್ಮ, ಗುರುವಾರ ಊಟದ ಟೈಮಲ್ಲಿ ಟ್ಯಾಂಕ್ ಹಿಂದೆ ಬಾ ಅಂದವ್ರೆ. ಹೊಡೀತಾರೆ. ಯಾರಿಗೂ ಹೇಳ್ಬೇಡಿ.’

ಇವತ್ತೇ ಗುರುವಾರ.

“ಓದ್ಬಿಟ್ಟೆ. ಈಗ ಏನ್ ಮಾಡ್ಲಿ ಹೇಳಿ?” ಎನ್ನುತ್ತಾರೆ. ಪಕ್ಕದಲ್ಲಿ ನಿಂತ ವರದಿಗಾರನನ್ನೋ ತಮ್ಮನ್ನೋ, ಯಾರನ್ನು ಕೇಳುತ್ತಿದ್ದಾರೆಂದು ಅವರಿಗೂ ಗೊತ್ತಿಲ್ಲ. ಹೇಳಿದರೆ ತಮ್ಮನ್ನೇ ನಂಬಿ ಬರೆದ ಮಗುವಿಗೆ ಮೋಸ. ಹೇಳದೆ ಹೋದರೆ ಮಧ್ಯಾಹ್ನ ಒಂದು ಗಂಟೆಗೆ ಟ್ಯಾಂಕಿನ ಹಿಂದೆ ಏನಾಗುತ್ತದೋ. ಅವರು ಬಟ್ಟೆ ಆಡಿಸಿ ಸಾಲನ್ನು ಅಳಿಸುತ್ತಾರೆ. ಸೆರಗಿನ ಗಂಟಿನಿಂದ ಸೀಮೆಸುಣ್ಣದ ತುಂಡು ತೆಗೆದು ಡೆಸ್ಕಿನ ಮೂಲೆಯಲ್ಲಿ ಒಂದು ಚುಕ್ಕಿ ಇಡುತ್ತಾರೆ. ಆಮೇಲೆ ಪಕ್ಕದ ಡೆಸ್ಕಿಗೊಂದು, ಅದರ ಪಕ್ಕದ್ದಕ್ಕೊಂದು. ಹೀಗೆ ಕೋಣೆಯ ಇಪ್ಪತ್ತೂ ಡೆಸ್ಕಿಗೆ ಚುಕ್ಕಿ ಬೀಳುತ್ತದೆ.

ಶಾಲೆಯ ಕಡತದಲ್ಲಿ ಜಮಾಲುನ್ನೀಸಾ ‘ಸ್ವಚ್ಛತಾ ಸಹಾಯಕಿ’. ಕಸ ಗುಡಿಸುವುದು, ಶೌಚಾಲಯ ತೊಳೆಯುವುದು, ಗಂಟೆ ಬಾರಿಸುವವನು ಬಾರದಿದ್ದರೆ ಗಂಟೆಯನ್ನೂ ಬಾರಿಸುವುದು ಅವರ ಕೆಲಸ. ಕಡತದಲ್ಲಿ ಇಲ್ಲದ ಇನ್ನೊಂದು ಕೆಲಸವನ್ನು ಹತ್ತೊಂಬತ್ತು ವರ್ಷದಿಂದ ಮಾಡುತ್ತಿದ್ದಾರೆ. ಮಕ್ಕಳು ಒಬ್ಬರ ಮೇಲೊಬ್ಬರು ಬರೆದದ್ದನ್ನು ಬೇರೆ ಮಕ್ಕಳ ಕಣ್ಣಿಗೆ ಬೀಳುವ ಮೊದಲೇ ಅಳಿಸುವುದು. ಹನ್ನೊಂದು ಕೋಣೆ, ಇನ್ನೂರ ಹದಿನಾಲ್ಕು ಡೆಸ್ಕು, ಒಂಬತ್ತು ಶೌಚಾಲಯದ ಬಾಗಿಲು. ದಿನಕ್ಕೆ ಮೂವತ್ತು ನಲವತ್ತು ಬರಹ ಸಿಗುತ್ತವೆ. ಪರೀಕ್ಷೆ ಮುಗಿದ ಮಾರನೆಯ ದಿನ ನೂರು ದಾಟುತ್ತದೆ. ಎಂಟೂಮುಕ್ಕಾಲಿಗೆ ಮೊದಲ ಸೈಕಲ್ಲು ಗೇಟು ದಾಟುವಷ್ಟರಲ್ಲಿ ಎಲ್ಲವೂ ಮಾಯವಾಗಿರಬೇಕು.

ಹೀಗೆ ಮಾಡಿ ಎಂದು ಅವರಿಗೆ ಯಾರೂ ಹೇಳಿದ್ದಲ್ಲ. ಕೆಲಸಕ್ಕೆ ಸೇರಿದ ಎರಡನೇ ತಿಂಗಳಲ್ಲಿ ಯಾರೋ ಒಬ್ಬ ಹುಡುಗನ ತಾಯಿಯ ಬಗ್ಗೆ ಬಾಗಿಲಿನ ಮೇಲೆ ಹೊಲಸು ಬರೆದಿದ್ದರು. ಮಧ್ಯಾಹ್ನದ ಹೊತ್ತಿಗೆ ಎರಡು ವಿಭಾಗದವರು ಬೆಲ್ಟು ಬಿಚ್ಚಿಕೊಂಡು ಬಡಿದಾಡಿದರು. “ಬೆಳಿಗ್ಗೆ ನಾನೇ ಆ ಬಾಗ್ಲು ತೊಳ್ದಿದ್ದೆ. ನೀರ್ ಹಾಕ್ದೆ, ಉಜ್ಲಿಲ್ಲ. ಉಜ್ಜಿದ್ರೆ ಇದೆಲ್ಲ ಆಯ್ತಿರ್ಲಿಲ್ವಲ್ಲ ಅನ್ನಿಸ್ತು,” ಎನ್ನುತ್ತಾರೆ. ಅಂದಿನಿಂದ ಸದಾಶಿವನಗರದ ಮನೆಯಿಂದ ಎರಡು ಗಂಟೆ ಮುಂಚೆಯೇ ಹೊರಡುತ್ತಾರೆ.

ಕೈಚಳಕ ಬಂದದ್ದು ಗಂಡನಿಂದ. ಲಾಲ್ ಸಾಬ್ ಮರದ ಸಾಮಾನಿಗೆ ಪಾಲಿಶ್ ಹಾಕುವವರು. ಪೆನ್ಸಿಲ್ಲಿಗೆ ಒದ್ದೆ ಬಟ್ಟೆ ಸಾಕು, ಮಾರ್ಕರಿಗೆ ಥಿನ್ನರ್ ಬೇಕು, ಕೈವಾರದ ಮುಳ್ಳಲ್ಲಿ ಕೆತ್ತಿದ್ದಾದರೆ ಉಪ್ಪು ಕಾಗದದಲ್ಲಿ ತಿಕ್ಕಿ ಮೇಲೆ ಮೇಣ ಸವರಬೇಕು ಎಂದು ಕಲಿಸಿಕೊಟ್ಟವರು ಅವರೇ. ತಮ್ಮ ಕೆಲಸದಲ್ಲಿ ಉಳಿದ ಥಿನ್ನರನ್ನು ಇವತ್ತಿಗೂ ಸಣ್ಣ ಬಾಟಲಿಯಲ್ಲಿ ತುಂಬಿಕೊಡುತ್ತಾರೆ. “ಇವ್ಳು ನನ್ನ ಅಂಗ್ಡಿಗೆ ಬಂದಿದ್ರೆ ಇಷ್ಟೊತ್ಗೆ ಮೇಸ್ತ್ರಿ ಆಗಿರೋಳು,” ಎಂದು ಹೆಂಡತಿಯನ್ನು ಕಿಚಾಯಿಸುತ್ತಾರೆ.

ಈ ಕೆಲಸಕ್ಕೆ ಜಮಾಲುನ್ನೀಸಾ ಒಂದು ನೇಮ ಮಾಡಿಕೊಂಡಿದ್ದರು. ಅಳಿಸಬೇಕು, ಓದಬಾರದು. ಓದಲು ಬಾರದೆ ಅಲ್ಲ. ಗುಬ್ಬಿಯಲ್ಲಿ ಏಳನೇ ತರಗತಿವರೆಗೆ ಕಲಿತವರು, ಅಕ್ಷರ ಮುತ್ತಿನಂತಿವೆ. ಮೊದಲ ವರ್ಷ ಒಬ್ಬ ಹುಡುಗಿಯ ಬಗ್ಗೆ ಬರೆದದ್ದನ್ನು ಓದಿದ್ದರು. ಅವಳು ಎದುರಿಗೆ ಬಂದಾಗ ಇವರ ಕಣ್ಣು ಒಂದು ಕ್ಷಣ ಅವಳ ಮೇಲೆ ನಿಂತಿತು. ಹುಡುಗಿಗೆ ಅರ್ಥವಾಯಿತು. ಒಂದು ವಾರ ಶಾಲೆಗೇ ಬರಲಿಲ್ಲ. “ನಾನ್ ಬೈಯ್ಲಿಲ್ಲ, ಕೇಳ್ಲಿಲ್ಲ. ಬರೀ ನೋಡ್ದೆ ಅಷ್ಟೆ. ಓದಿದ್ರೆ ಮುಖ ನೋಡೋ ರೀತಿನೇ ಬೇರೆ ಆಗೋಯ್ತದೆ. ಅದ್ಕೆ ಓದೋದೇ ಬಿಟ್ಬಿಟ್ಟೆ.” ಹದಿನೇಳು ವರ್ಷ ಅಕ್ಷರಗಳನ್ನು ಬರೀ ಕಲೆಗಳೆಂದು ನೋಡುತ್ತ ಬಂದರು. ಆ ನೇಮದ ಬಗ್ಗೆ ಅವರಿಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಕಳೆದ ಆಗಸ್ಟಿನಲ್ಲಿ ಆ ಹೆಮ್ಮೆ ನೆಲಕಚ್ಚಿತು. ಎಂಟನೇ ತರಗತಿಯ ಒಬ್ಬ ಹುಡುಗ, ಇಲ್ಲಿ ಕಿಟ್ಟು ಎನ್ನೋಣ, ಕಿಟಕಿ ಪಕ್ಕದ ಮೂರನೇ ಡೆಸ್ಕಿನ ಮೇಲೆ ಮಂಗಳವಾರ ಸಂಜೆ ಬರೆದ: ಶನಿವಾರ ಮೂವರು ನನ್ನನ್ನು ಹೊಡೆಯುತ್ತಾರೆ. ಬುಧವಾರ ಬೆಳಿಗ್ಗೆ ಬಂದು ನೋಡಿದರೆ ಸಾಲು ಇರಲಿಲ್ಲ. ಮತ್ತೆ ಬರೆದ. ಮತ್ತೆ ಇರಲಿಲ್ಲ. ಒಟ್ಟು ಮೂರು ಸಲ ಬರೆದ, ಮೂರು ಸಲವೂ ಜಮಾಲುನ್ನೀಸಾ ಓದದೆ ಅಳಿಸಿದರು. ಶನಿವಾರ ಅರ್ಧ ದಿನದ ಶಾಲೆ ಬಿಟ್ಟ ಮೇಲೆ ನೀರಿನ ಟ್ಯಾಂಕಿನ ಹಿಂದೆ ಕಿಟ್ಟುವಿನ ಬಲಗೈ ಮುರಿಯಿತು.

ಬ್ರೆಡ್ಡು, ಬಾಳೆಹಣ್ಣು ತೆಗೆದುಕೊಂಡು ಆಸ್ಪತ್ರೆಗೆ ಹೋದಾಗ ಹುಡುಗ ಹೇಳಿದ್ದನ್ನು ಜಮಾಲುನ್ನೀಸಾ ಇವತ್ತಿಗೂ ಒಂದೇ ಉಸಿರಿನಲ್ಲಿ ಹೇಳಲಾರರು. “ನೀವ್ ಓದಿ ಅಳಿಸ್ತಿದೀರ ಅಂದ್ಕೊಂಡಿದ್ದೆ ಜಮಾಲಮ್ಮ ಅಂದ. ಅವ್ರು ಕರ್ದಾಗ ಓಡೋಗ್ಬೋದಿತ್ತಂತೆ. ಓಡ್ಲಿಲ್ಲ. ನಿಮ್ಗ್ ಗೊತ್ತಲ್ಲ, ಯಾರಾದ್ರೂ ಬರ್ತೀರ ಅಂತ ಹೋದೆ ಅಂದ. ನನ್ ನಂಬ್ಕೊಂಡು ಹೋಯ್ತು ಸಾರ್ ಆ ಮಗು.”

ಹೊಡೆದ ಮೂವರು ಶಾಲೆ ಬಿಟ್ಟರು. ಸಭೆ ನಡೆಯಿತು, ಸಮಿತಿಯಾಯಿತು, ಸದಸ್ಯರ ಹೆಸರು ಗೋಡೆಯ ಮೇಲೆ ಹಸಿರು ಬಣ್ಣದಲ್ಲಿ ಬಂತು. ಮುಖ್ಯ ಶಿಕ್ಷಕರ ಕೋಣೆಯ ಎದುರಿಗೆ ದೂರು ಪೆಟ್ಟಿಗೆಯನ್ನೂ ತೂಗುಹಾಕಿದರು. ಎಲ್ಲರ ಕಣ್ಣೆದುರು ನಡೆದು ಹೋಗಿ ಅದರೊಳಗೆ ಚೀಟಿ ಹಾಕುವ ಧೈರ್ಯವಿದ್ದ ಮಗುವಿಗೆ ದೂರು ಕೊಡುವ ಅಗತ್ಯವೇ ಬೀಳುವುದಿಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ. ಮುಖ್ಯ ಶಿಕ್ಷಕ ರಂಗರಾಜು ಒಪ್ಪಿಕೊಳ್ಳುತ್ತಾರೆ: “ವರ್ಷದಲ್ಲಿ ಎರಡು ಚೀಟಿ ಬಂದವೆ. ಎರಡೂ ಬಿಸಿಯೂಟದ ಸಾರಿನ ಮೇಲೆ.”

ಜಮಾಲುನ್ನೀಸಾ ಮಾತ್ರ ನೇಮ ಮುರಿದರು. ಈಗ ಪ್ರತಿ ಸಾಲನ್ನೂ ಓದುತ್ತಾರೆ. ಗೊಂದಲ ಶುರುವಾದದ್ದೇ ಅಲ್ಲಿಂದ. ಮಕ್ಕಳು ಬರೆಯುವುದರಲ್ಲಿ ಯಾವುದು ತಮಾಷೆ, ಯಾವುದು ನಿಜ ಎಂದು ಹೇಗೆ ತಿಳಿಯುವುದು? ಮೊದಮೊದಲು ಅನುಮಾನ ಬಂದದ್ದನ್ನೆಲ್ಲ ಕನ್ನಡ ಶಿಕ್ಷಕಿ ಸುಧಾ ಅವರಿಗೆ ಹೇಳುತ್ತಿದ್ದರು. ಕುಣಿಗಲ್‌ನಿಂದ ಬಸ್ಸಿನಲ್ಲಿ ಬರುವ ಸುಧಾ ಎಂಟೂಕಾಲಿಗೆಲ್ಲ ಶಾಲೆಯಲ್ಲಿರುತ್ತಾರೆ. ಒಂದು ದಿನ ‘ಇವತ್ತು ನಿನ್ನ ಮುಗಿಸ್ತೀನಿ’ ಎಂಬ ಸಾಲು ಸಿಕ್ಕಿತು. ಬರೆದವನನ್ನು ಹುಡುಕಿ, ತಂದೆಯನ್ನು ಕರೆಸಿದ್ದಾಯಿತು. ವಿಚಾರಿಸಿದರೆ ಅದು ಸಂಜೆಯ ಕಬಡ್ಡಿ ಪಂದ್ಯದ ಮಾತು. ಅಷ್ಟರಲ್ಲಿ ತಂದೆ ಗೇಟಿನ ಮುಂದೆಯೇ ಮಗನಿಗೆ ಬಾರಿಸಿಯಾಗಿತ್ತು. ಹುಡುಗ ಎಂಟು ದಿನ ಶಾಲೆಯ ಕಡೆ ತಲೆ ಹಾಕಲಿಲ್ಲ.

“ಓದ್ದೆ ಇದ್ರೆ ಒಬ್ನ ಕೈ ಮುರೀತು. ಓದಿ ಹೇಳಿದ್ರೆ ಇನ್ನೊಬ್ನು ಏಟ್ ತಿಂದ. ಆ ಕಡೆ ಹೋದ್ರೂ ತಪ್ಪು, ಈ ಕಡೆ ಹೋದ್ರೂ ತಪ್ಪು. ತಲೆನೇ ಓಡಲ್ಲ ಸಾರ್ ಒಂದೊಂದ್ಸಲ,” ಎಂದು ಬಟ್ಟೆ ಹಿಂಡುತ್ತಾರೆ.

ಆ ತಲೆ ಓಡದ ದಿನಗಳಲ್ಲೇ ಚುಕ್ಕಿ ಹುಟ್ಟಿದ್ದು. ಅಳಿಸಿದ್ದಷ್ಟೇ ಅಲ್ಲ, ಓದಿದೆ ಎಂದು ಬರೆದ ಮಗುವಿಗೆ ತಿಳಿಯಬೇಕು. ಆದರೆ ಒಂದೇ ಡೆಸ್ಕಿಗೆ ಗುರುತು ಹಾಕಿದರೆ ಯಾರು ಬರೆದರೆಂದು ಎಲ್ಲರಿಗೂ ಗೊತ್ತಾಗಿ, ಆ ಮಗುವಿಗೇ ಇನ್ನೆರಡು ಏಟು ಹೆಚ್ಚು ಬೀಳುತ್ತದೆ. ಅದಕ್ಕೇ ಕೋಣೆಗೆ ಕೋಣೆಯೇ ಚುಕ್ಕಿ. ಬರೆದವರಿಗೆ ಅದು ಉತ್ತರ, ಉಳಿದವರಿಗೆ ಜಮಾಲಮ್ಮನ ಹುಚ್ಚು. ಒಂದು ಸೀಮೆಸುಣ್ಣ ಮೂರು ದಿನಕ್ಕೆ ಸವೆಯುತ್ತದೆ. ಮಕ್ಕಳು ಅವರ ಹೆಸರು ಹಿಡಿದು ಬರೆಯಲು ತೊಡಗಿದ್ದು ಆಮೇಲೆ.

ಈ ಗುರುವಾರ ಸುಧಾ ಬಸ್ಸಿಳಿದು ಬಂದಾಗ ಜಮಾಲುನ್ನೀಸಾ ಅವರ ಬಾಯಿತನಕ ಬಂದ ಮಾತು ಅಲ್ಲೇ ನಿಲ್ಲುತ್ತದೆ. ಯಾರಿಗೂ ಹೇಳ್ಬೇಡಿ ಎಂದಿದೆ ಮಗು. ಹತ್ತು ಗಂಟೆಗೆ ಸಿಬ್ಬಂದಿ ಕೋಣೆಯ ಬಾಗಿಲಿಗೆ ಹೋಗಿ ವಾಪಸು ಬರುತ್ತಾರೆ. ಹನ್ನೊಂದೂವರೆಗೆ ಇನ್ನೊಂದು ಸಲ ಹೋಗುತ್ತಾರೆ. ಗುಡಿಸಿದ ಜಗಲಿಯನ್ನೇ ಮತ್ತೆ ಗುಡಿಸುತ್ತಾರೆ. ಕೊನೆಗೆ ಹನ್ನೆರಡೂಮುಕ್ಕಾಲಿಗೆ ಸುಧಾ ಅವರ ಮುಂದೆ ಊಟದ ಡಬ್ಬಿ ಹಿಡಿದು ನಿಲ್ಲುತ್ತಾರೆ.

“ಮಿಸ್, ಇವತ್ತು ಟ್ಯಾಂಕ್ ಹಿಂದೆ ಕೂತು ಊಟ ಮಾಡಣ ಬನ್ನಿ.”

“ಅಲ್ಲಾ ಜಮಾಲಮ್ಮ, ಅಲ್ಲಿ ಸೊಳ್ಳೆ ಎತ್ಕೊಂಡ್ ಹೋಗ್ತವೆ. ಏನ್ ವಿಶೇಷ?”

“ಏನೂ ಕೇಳ್ಬೇಡಿ ಮಿಸ್. ಬನ್ನಿ ಅಷ್ಟೆ.”

ಸುಧಾ ಒಮ್ಮೆ ಜಮಾಲುನ್ನೀಸಾ ಅವರ ಮುಖ ನೋಡಿ, ತಮ್ಮ ಡಬ್ಬಿ ಎತ್ತಿಕೊಳ್ಳುತ್ತಾರೆ.

ಟ್ಯಾಂಕಿನ ಹಿಂದೆ ಪಾಚಿ ಕಟ್ಟಿದ ಗೋಡೆ, ಒಂದು ಮುರಿದ ಕಲ್ಲುಚಪ್ಪಡಿ. ಇಬ್ಬರೂ ಚಪ್ಪಡಿಯ ಮೇಲೆ ಕೂರುತ್ತಾರೆ. ಜಮಾಲುನ್ನೀಸಾ ಡಬ್ಬಿ ತೆರೆದಿಟ್ಟು ದಾರಿ ನೋಡುತ್ತಾರೆ. ಒಂದು ದಾಟಿ ಐದು ನಿಮಿಷಕ್ಕೆ ಹತ್ತನೇ ತರಗತಿಯ ಮೂವರು ಬಂದು ಇವರನ್ನು ಕಂಡು ಗಕ್ಕನೆ ನಿಲ್ಲುತ್ತಾರೆ.

“ಏನ್ ಜಮಾಲಮ್ಮ, ಇಲ್ಲಿ ಕೂತಿದೀರಾ?”

“ಊಟ ಕಣ್ರೋ. ನೀವೇನ್ ಬಂದ್ರಿ ಇಲ್ಲಿ?”

“ಸುಮ್ನೆ.”

“ಸುಮ್ನೆ ಬಂದಿದ್ರೆ ಕೂತ್ಕೊಳ್ಳಿ. ನಾಳೆಯಿಂದ ನಾವ್ ದಿನಾ ಇಲ್ಲೇ ಊಟ ಮಾಡೋದು.”

ಮೂವರೂ ಕೂರುವುದಿಲ್ಲ, ಒಬ್ಬರ ಮುಖ ಒಬ್ಬರು ನೋಡಿಕೊಂಡು ಜಾಗ ಖಾಲಿ ಮಾಡುತ್ತಾರೆ. ಸ್ವಲ್ಪ ಹೊತ್ತಿಗೆ ಗೋಡೆಯ ಮೂಲೆಯಲ್ಲಿ ಎಂಟನೇ ತರಗತಿಯ ಒಂದು ಮಗು ಕಾಣಿಸಿಕೊಳ್ಳುತ್ತದೆ. ಕೈಯಲ್ಲಿ ತಟ್ಟೆ ಇದೆ, ಊಟ ಮುಟ್ಟಿಲ್ಲ. ಇಬ್ಬರು ಹೆಂಗಸರನ್ನು ಕಂಡು, ನಿಂತಲ್ಲೇ ಒಂದು ದೊಡ್ಡ ಉಸಿರು ಬಿಟ್ಟು ತಿರುಗಿ ಹೋಗುತ್ತದೆ. ಹುಡುಗನೋ ಹುಡುಗಿಯೋ ಎಂಬುದನ್ನೂ ಬರೆಯಬೇಡಿ ಎಂದಿದ್ದಾರೆ ಜಮಾಲುನ್ನೀಸಾ. ಸುಧಾ ಅವರಿಗೆ ಎಲ್ಲ ಅರ್ಥವಾಗಿದೆ. ಅವರೂ ಬಾಯಿ ಬಿಡುವುದಿಲ್ಲ.

ಇಷ್ಟಕ್ಕೇ ಎಲ್ಲ ಸರಿಹೋಯಿತೇ? ಜಮಾಲುನ್ನೀಸಾ ಅವರಿಗೆ ಹಾಗೆ ಅನ್ನಿಸುವುದಿಲ್ಲ. “ಇವತ್ತು ತಪ್ತು. ಗೇಟಿನ ಆಚೆ ಹಿಡ್ಕೊಂಡ್ರೆ? ಅಲ್ಲೆಲ್ಲ ಡಬ್ಬಿ ಇಟ್ಕೊಂಡು ಕೂರಕ್ಕಾಯ್ತದಾ?” ಎಂದು ಮಧ್ಯಾಹ್ನವೆಲ್ಲ ಒದ್ದಾಡುತ್ತಾರೆ. ನಾಲ್ಕೂಕಾಲಿಗೆ ಶಾಲೆ ಬಿಟ್ಟಾಗ ಒಂದು ತೀರ್ಮಾನಕ್ಕೆ ಬಂದವರಂತೆ ನಲ್ಲಿಯ ಹತ್ತಿರ ಆ ಮಗುವನ್ನು ನಿಲ್ಲಿಸಿಕೊಳ್ಳುತ್ತಾರೆ.

“ನಾನ್ ಯಾರ್ಗೂ ಹೇಳಿಲ್ಲ ಕಂದ. ಸುಧಾ ಮಿಸ್ಸಿಗ್ ಒಬ್ರಿಗೆ ಹೇಳ್ಲಾ? ನೀನ್ ಹೂ ಅಂದ್ರೆ ಮಾತ್ರ.”

ಮಗು ನಲ್ಲಿಯನ್ನು ತಿರುಗಿಸಿ, ಮತ್ತೆ ನಿಲ್ಲಿಸುತ್ತದೆ. ಆಮೇಲೆ ಕೇಳುತ್ತದೆ: “ನಮ್ಮನೇಲಿ ಹೇಳಲ್ಲ ತಾನೆ?”

“ನಿನ್ ಕೇಳ್ದೆ ಹೇಳಲ್ಲ.”

“ಹೂ.”

ಹತ್ತೊಂಬತ್ತು ವರ್ಷದಲ್ಲಿ ಹೀಗೆ ಮಗುವನ್ನೇ ಕೇಳಬಹುದೆಂದು ತಮಗೆ ಹೊಳೆದೇ ಇರಲಿಲ್ಲ ಎಂದು ಆಮೇಲೆ ಹಣೆ ಬಡಿದುಕೊಳ್ಳುತ್ತಾರೆ. ಸುಧಾ ಆ ಮೂವರನ್ನೂ ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಮಾತಾಡುವುದಾಗಿ ಹೇಳಿದ್ದಾರೆ. ಅಲ್ಲಿಯವರೆಗೆ ಆ ಮಗುವಿನ ಜೊತೆ ತಾವೇ ಬಸ್ ಸ್ಟಾಪಿನವರೆಗೆ ನಡೆಯುತ್ತಾರಂತೆ. ಇದಾದರೂ ಸರಿಹೋಗುತ್ತದೆಯೇ ಎಂದು ಕೇಳಿದರೆ ಜಮಾಲುನ್ನೀಸಾ, “ಗೊತ್ತಿಲ್ಲ ಸಾರ್. ನಿಜವಾಗ್ಲೂ ಗೊತ್ತಿಲ್ಲ,” ಎನ್ನುತ್ತಾರೆ.

ಶುಕ್ರವಾರ ಬೆಳಿಗ್ಗೆ ಏಳು. ಒಂಬತ್ತನೇ ತರಗತಿಯ ಕೋಣೆ. ಕಿಟ್ಟು ಈಗ ಇಲ್ಲಿ ಓದುತ್ತಾನೆ. ಇಲ್ಲಿಯೂ ಅವನದು ಕಿಟಕಿ ಪಕ್ಕದ ಮೂರನೇ ಡೆಸ್ಕೇ. ಕೈ ಕೂಡಿಕೊಂಡಿದೆ, ಕ್ರಿಕೆಟ್ಟೂ ಆಡುತ್ತಾನೆ. ಎದುರಿಗೆ ಸಿಕ್ಕಾಗ ಜಮಾಲಮ್ಮನಿಗೆ ನಮಸ್ಕಾರವನ್ನೂ ಹೇಳುತ್ತಾನೆ. ಆದರೆ ಆ ಆಗಸ್ಟಿನಿಂದ ಈಚೆಗೆ ಡೆಸ್ಕಿನ ಮೇಲೆ ಒಂದಕ್ಷರ ಬರೆದಿಲ್ಲ. ಗೆರೆ ಇಲ್ಲ, ಗೀಚು ಇಲ್ಲ, ಅವನ ಹೆಸರೂ ಇಲ್ಲ. ಇಡೀ ಶಾಲೆಯಲ್ಲಿ ಇಷ್ಟು ಸ್ವಚ್ಛವಾದ ಡೆಸ್ಕು ಇನ್ನೊಂದಿಲ್ಲ. ಆದರೂ ಜಮಾಲುನ್ನೀಸಾ ಅದನ್ನು ಒರೆಸುತ್ತಾರೆ, ಬೆಳಕಿಗೆ ಬಗ್ಗಿ ನೋಡುತ್ತಾರೆ, ಮೂಲೆಯಲ್ಲಿ ಚುಕ್ಕಿ ಇಡುತ್ತಾರೆ.

“ಒಂದೇ ಒಂದಾಸೆ ಸಾರ್,” ಎನ್ನುತ್ತಾರೆ, ಸೀಮೆಸುಣ್ಣವನ್ನು ಸೆರಗಿಗೆ ಕಟ್ಟಿಕೊಳ್ಳುತ್ತ. “ಅವ್ನು ಇದ್ರ ಮೇಲೆ ಇನ್ನೊಂದ್ಸಲ ಏನಾದ್ರೂ ಬರೀಲಿ. ನನ್ನ ಬೈದು ಬರೆದ್ರೂ ಪರ್ವಾಗಿಲ್ಲ. ಅದೊಂದನ್ನ ಮಾತ್ರ ನಾನು ಅಳ್ಸಲ್ಲ.”