ದರ್ಬೆಯ ಶನಿವಾರಗಳಿಗೆ ಬಾರದ ಹೇಳಿಕೆ

ನನ್ನ ಕೆಲಸ ಏನೆಂದು ಕೇಳಿದರೆ ನಮ್ಮ ಕಡೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಮೈಕಿನಲ್ಲಿ ಮಾತಾಡುವ ಹೆಂಗಸು ಎನ್ನುವವರಿದ್ದಾರೆ, ಕಾಲೇಜಿನ ಕೌಂಟರಿನಲ್ಲಿ ಕೂರುವವಳು ಎನ್ನುವವರೂ ಇದ್ದಾರೆ. ಸುಳ್ಯದ ಒಂದು ಖಾಸಗಿ ಕಾಲೇಜಿನಲ್ಲಿ ನಾನು ಸಾರ್ವಜನಿಕ ಸಂಪರ್ಕಾಧಿಕಾರಿ, ಜನರ ಬಾಯಲ್ಲಿ ಪಿಆರ್‌ಒ. ಪತ್ರಿಕೆಗಳಿಗೆ ವರದಿ ಕಳಿಸುವುದು, ಸಮಾರಂಭಕ್ಕೆ ಗಣ್ಯರನ್ನು ಕರೆಯುವುದು, ಬಂದವರಿಗೆ ಅವರವರ ಮರ್ಯಾದೆಗೆ ತಕ್ಕ ಕುರ್ಚಿ ಸಿಕ್ಕಿತೇ ಎಂದು ನೋಡುವುದು, ಧನ್ಯವಾದದಲ್ಲಿ ಯಾರದಾದರೂ ಹೆಸರು ಬಿಟ್ಟುಹೋದರೆ ಮರುದಿನ ಬೈಗುಳ ತಿನ್ನುವುದು. ಕಲ್ಲುಗುಂಡಿಯ ನಮ್ಮ ಮನೆಯಿಂದ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಎರಡು ವರ್ಷದ ಹಿಂದೆ ಆಡಳಿತದವರು ನನ್ನ ಮೇಜನ್ನು ಜೆರಾಕ್ಸ್ ಮೆಷಿನ್ನಿನ ಪಕ್ಕಕ್ಕೆ ತಳ್ಳಿದರು. ಈಗ ಹೆಚ್ಚಿನ ಹೊತ್ತು ಪಿಯುಸಿ ಮುಗಿಸಿದ ಮಕ್ಕಳ ಅಪ್ಪ ಅಮ್ಮಂದಿರಿಗೆ ಫೋನ್ ಮಾಡಿ ಸೀಟು ಖಾಲಿ ಇದೆ ಎಂದು ಹೇಳುವುದೇ ಕೆಲಸ. ಅವರು ಫೋನ್ ಇಟ್ಟುಬಿಡುತ್ತಾರೆ, ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಅದಕ್ಕೇ ಪುತ್ತೂರಿನ ಒಂದು ದೊಡ್ಡ ಆಸ್ಪತ್ರೆಯ ಪಿಆರ್‌ಒ ಕೆಲಸ ನನಗೆ ಬೇಕಿತ್ತು. ಬೇಕಿತ್ತು ಎಂದರೆ ಸುಮ್ಮನೆ ಅಲ್ಲ, ಬಸ್ಸಿನಲ್ಲಿ ಹೋಗುವಾಗೆಲ್ಲ, ಆ ಕುರ್ಚಿ ಸಿಕ್ಕಿದರೆ ಏನೇನು ಮಾಡುತ್ತೇನೆ ಎಂದು ಮನಸ್ಸಿನಲ್ಲೇ ಯೋಚಿಸಿಟ್ಟುಕೊಂಡಿದ್ದೆ.

ಆ ಕುರ್ಚಿಯಲ್ಲಿ ಆಗ ಇದ್ದವರು ನನಗೆ ಈ ಕೆಲಸದ ಅಆಇಈ ಕಲಿಸಿದವರು. ತುಳು ಮನೆಮಾತಿನವರು, ಪುತ್ತೂರಿನವರೇ, ನನಗಿಂತ ಹದಿನೈದು ವರ್ಷಕ್ಕಾದರೂ ದೊಡ್ಡವರು. ನಾವೆಲ್ಲ ಅಕ್ಕ ಎಂದೇ ಕರೆಯುವುದು. ನಾನು ಹೊಸದಾಗಿ ಸೇರಿದ್ದಾಗ ಕಾಲೇಜಿನ ವಾರ್ಷಿಕೋತ್ಸವಕ್ಕೆ ಯಾರೂ ಕರೆಯದೆ ಪುತ್ತೂರಿನಿಂದ ಬಂದು, ವೇದಿಕೆಯ ಹಿಂದೆ ನಿಂತು, ಯಾರ ಪಕ್ಕ ಯಾರನ್ನು ಕೂರಿಸಬಾರದು ಎಂದು ನನ್ನ ಕಿವಿಯಲ್ಲಿ ಹೇಳಿಕೊಟ್ಟವರು ಅವರು. ಅವರ ಮೊದಲ ಪಾಠ ನನಗೆ ಇನ್ನೂ ಬಾಯಿಪಾಠ.

"ಕಾರ್ಡನ್ನು ಗೇಟಿನಲ್ಲಿ ಕೊಟ್ಟು ಓಡಿ ಬರ್ಬೇಡ. ಒಳಗೆ ಹೋಗು, ಕೂತ್ಕೊ, ಅವರು ಬಾಯಾರಿಕೆಗೆ ಎಂತ ಕೊಡ್ತಾರೋ ಅದನ್ನು ಕುಡಿ. ಮನೆಯ ಹಿರಿಯರು ಯಾರೂಂತ ನೋಡಿ ಅವರಿಗೆ ಮೊದಲು ಹೇಳು. ಆಮೇಲೆ ಬೇಕಾದವರಿಗೆ ಹೇಳು. ಹಾಗೆ ಹೇಳಿದ್ರೆ ಮಾತ್ರ ಅದು ಹೇಳಿಕೆ."

ನಮ್ಮಲ್ಲಿ ಮದುವೆಯೇ ಇರಲಿ, ಕಟ್ಟಡದ ಉದ್ಘಾಟನೆಯೇ ಇರಲಿ, ಮನೆಗೆ ಬಂದು ಬಾಯಿಬಿಟ್ಟು ಕರೆಯುವುದಕ್ಕೆ ಹೇಳಿಕೆ ಎನ್ನುವುದು. ಅಚ್ಚು ಹಾಕಿಸಿದ ಕಾರ್ಡು ಎಷ್ಟು ಚಂದ ಇದ್ದರೂ ಅದು ಬರೀ ಕಾಗದ. ಒಮ್ಮೆ ನಮ್ಮ ಪ್ರಾಂಶುಪಾಲರು ಅವಸರದಲ್ಲಿ ದಾನಿಯೊಬ್ಬರಿಗೆ ಕಾರ್ಡನ್ನು ಅಂಚೆಯಲ್ಲಿ ಕಳಿಸಿಬಿಟ್ಟರು. ಆ ದಾನಿ ಸಭೆಗೆ ಬರಲಿಲ್ಲ, ಮುಂದಿನ ವರ್ಷದ ಸಭೆಗೂ ಬರಲಿಲ್ಲ. ಕೊನೆಗೆ ನಾನೇ ಹೋಗಿ, ಎರಡು ಲೋಟ ಬೆಲ್ಲದ ನೀರು ಕುಡಿದು, ಅವರ ಅಮ್ಮನ ಮಂಡಿನೋವಿನ ಕಥೆ ಪೂರ್ತಿ ಕೇಳಿ ಅವರನ್ನು ದಾರಿಗೆ ತಂದದ್ದು. ಪ್ರಾಂಶುಪಾಲರಿಗೆ ಇದನ್ನು ಹೇಳಿದರೆ ನಕ್ಕರು. ನಗಲಿ, ಮಂಡಿನೋವು ಕೇಳಿದ್ದು ನಾನು ತಾನೇ.

ಅಕ್ಕ ಪುತ್ತೂರಿನ ದರ್ಬೆಯಲ್ಲಿ ಶನಿವಾರದ ಕೂಟ ಶುರುಮಾಡಿದ್ದು ನಮ್ಮಂಥ ಹೆಂಗಸರಿಗಾಗಿ. ಈ ಕೆಲಸದ ಗಂಡಸರಿಗೆ ಕಾರ್ಯಕ್ರಮ ಮುಗಿದ ಮೇಲೇ ನಿಜವಾದ ಕಾರ್ಯಕ್ರಮ. ಪತ್ರಕರ್ತರ ಜೊತೆ ಒಂದು ಕಾರಿನಲ್ಲಿ ಹೋಗುತ್ತಾರೆ, ಎಲ್ಲೋ ಕೂರುತ್ತಾರೆ, ಯಾವ ಸಂಸ್ಥೆಯಲ್ಲಿ ಯಾವ ಜಾಗ ಖಾಲಿಯಾಗುತ್ತದೆ ಎಂದು ಅಲ್ಲೇ ಗೊತ್ತಾಗುತ್ತದೆ. ನಾವು ಆ ಹೊತ್ತಿಗೆ ಬ್ಯಾನರ್ ಮಡಚಿ ಕೊನೆಯ ಬಸ್ಸಿಗೆ ಓಡುತ್ತಿರುತ್ತೇವೆ. ಇದನ್ನು ನೋಡಿ ನೋಡಿ ಸಾಕಾಗಿ ಅಕ್ಕ ತಿಂಗಳ ಎರಡನೇ ಶನಿವಾರ ಮಧ್ಯಾಹ್ನ ಒಂದು ಹೋಟೆಲಿನ ಮಹಡಿಯ ಕೋಣೆ ಹಿಡಿದರು. ಪುತ್ತೂರು, ಸುಳ್ಯ, ಕಡಬದ ಶಾಲೆ, ಆಸ್ಪತ್ರೆ, ಸೊಸೈಟಿಗಳಲ್ಲಿ ಪ್ರಚಾರದ ಕೆಲಸ ಮಾಡುವ ಹೆಂಗಸರನ್ನೆಲ್ಲ ಹುಡುಕಿ ಒಂದು ವಾಟ್ಸಾಪ್ ಗುಂಪಿಗೆ ಸೇರಿಸಿದರು. ಮೊದಲು ಸೇರಿಸಿದ ಹೆಸರು ನನ್ನದು. 'ಬರುವ ಶನಿವಾರ ಮೂರು ಗಂಟೆಗೆ ಎಲ್ಲರೂ ಬನ್ನಿ' ಎಂದು ಅದರಲ್ಲೇ ಹಾಕಿದರು.

ಮೊಬೈಲು ಊಟದ ಮೇಜಿನ ಮೇಲಿತ್ತು. ಅತ್ತೆ ಎದುರು ಕೂತು ಬಸಳೆ ಸೋಸುತ್ತಿದ್ದರು. ನಾನು ವಿಷಯ ಹೇಳಿದೆ.

"ಯಾರು ಬಂದು ಹೇಳಿದ್ದು?" ಎಂದು ಅತ್ತೆ ಕೇಳಿದರು.

"ಬರ್ಲಿಲ್ಲ ಅತ್ತೆ, ಮೊಬೈಲಲ್ಲಿ ಹಾಕಿದ್ದಾರೆ."

"ಮೊಬೈಲಲ್ಲಿ ಹಾಕಿದ್ರೆ ಹೋಗುದಾ?" ಅಷ್ಟೇ ಅವರು ಅಂದದ್ದು. ಹೋಗಬೇಡ ಎನ್ನಲಿಲ್ಲ. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಒಂದು ದಂಟು ಮುರಿದು ಮೊರಕ್ಕೆ ಹಾಕಿದರು.

ಗಂಡನನ್ನು ಕೇಳಿದೆ. ಅವರಿಗೆ ರಸ್ತೆಬದಿಯಲ್ಲಿ ಎಲೆಕ್ಟ್ರಿಕ್ ಸಾಮಾನಿನ ಅಂಗಡಿ, ಮಾತು ಯಾವತ್ತೂ ಕಮ್ಮಿ. "ನಿನ್ನಿಷ್ಟ ಮಾರಾಯ್ತಿ, ನನ್ನನ್ನು ಎಂತಕ್ಕೆ ಕೇಳುದು?" ಅಂದರು.

ನನಗೆ ಮೂಗಿನ ತುದಿಯಲ್ಲೇ ಕೋಪ. ಅತ್ತೆಯ ಮೇಲೆ ಬರಬೇಕಾದ ಕೋಪ ಅದೇಕೋ ಅಕ್ಕನ ಮೇಲೆ ತಿರುಗಿತು. ಊರಿನವರ ಮನೆಮನೆಗೆ ಹೋಗಿ ಬೆಲ್ಲದ ನೀರು ಕುಡಿಯಲು ಕಲಿಸಿದವರು ಇವರು. ಸುಳ್ಯದ ತನಕ ಆಸ್ಪತ್ರೆಯ ಕೆಲಸಕ್ಕೆ ಬರುವವರಿಗೆ ಇನ್ನೊಂದಿಷ್ಟು ದೂರ ಬಂದು ನಮ್ಮ ಮನೆಯ ಜಗಲಿಯಲ್ಲಿ ಐದು ನಿಮಿಷ ಕೂತು ಅತ್ತೆಗೆ ಒಂದು ಮಾತು ಹೇಳಲು ಆಗುವುದಿಲ್ಲವೇ? ಅಷ್ಟಕ್ಕೂ ಹೇಳಿಕೆಯನ್ನು ಕೇಳಿ ಪಡೆಯುವುದುಂಟೇ? ನಮ್ಮ ಮನೆಗೆ ಬಂದು ನನ್ನನ್ನು ಕರೆಯಿರಿ ಎಂದು ನಾನಾಗಿ ಹೇಗೆ ಹೇಳಲಿ? ಗುಂಪಿನಲ್ಲಿ ಒಂದು ಕೈಮುಗಿದ ಚಿತ್ರ ಒತ್ತಿದೆ, ಶನಿವಾರ ಹೋಗಲಿಲ್ಲ.

ಮುಂದಿನ ತಿಂಗಳೂ ಹಾಗೇ ಆಯಿತು, ಅದರ ಮುಂದಿನ ತಿಂಗಳೂ. ಅಲ್ಲಿ ಏನಾಯಿತು ಎಂದು ನನಗೆ ಹೇಳುತ್ತಿದ್ದವಳು ಕೋಡಿಂಬಾಳದ ಒಬ್ಬ ಹುಡುಗಿ. ಕಡಬದ ಒಂದು ಶಾಲೆಯಲ್ಲಿ ಪ್ರಚಾರದ ಕೆಲಸ ಅವಳದ್ದು. ಸೇರಿದ ಹೊಸತರಲ್ಲಿ ಅವಳ ವರದಿಗಳನ್ನು ನಾನೇ ಫೋನಿನಲ್ಲಿ ತಿದ್ದಿಕೊಡುತ್ತಿದ್ದೆ. ಶನಿವಾರ ಸಂಜೆ ವಾಪಸು ಹೋಗುವ ಬಸ್ಸಿನಿಂದಲೇ ಮಾತಾಡುತ್ತಿದ್ದಳು.

"ಇವತ್ತು ಮಂಗಳೂರಿಂದ ಒಬ್ರು ಪತ್ರಕರ್ತೆ ಬಂದಿದ್ರು ಅಕ್ಕ. ದೀಪ ಬೆಳಗಿಸಿದ್ದು ಯಾರೂಂತ ಮೊದಲ ಸಾಲಲ್ಲಿ ಬರೆದ್ರೆ ನಾವು ಓದುದೇ ಇಲ್ಲ, ಸುದ್ದಿ ಎಂತ ಅದನ್ನು ಮೊದಲು ಬರೀರಿ ಅಂದ್ರು. ನೀವು ಬರ್ಬೇಕಿತ್ತು."

ನನ್ನ ವರದಿಗಳು ಇವತ್ತಿಗೂ ದೀಪದಿಂದಲೇ ಶುರುವಾಗುತ್ತವೆ. ರೋಗಿಯ ಕಡೆಯವರು ಗಲಾಟೆ ಮಾಡುವಾಗ ವರದಿಗಾರನ ಫೋನು ಬಂದರೆ ಏನು ಹೇಳಬೇಕು, ಮೊಬೈಲಿನಲ್ಲೇ ವಿಡಿಯೋ ಹೇಗೆ ಕತ್ತರಿಸಿ ಜೋಡಿಸಬೇಕು, ಆಡಳಿತದ ಎದುರು ಕೂತು ಸಂಬಳದ ಮಾತನ್ನು ಹೇಗೆ ತೆಗೆಯಬೇಕು, ಎಲ್ಲವನ್ನೂ ಅವರು ಅಲ್ಲಿ ಕಲಿತರು. ನನಗೆ ಸಿಕ್ಕಿದ್ದು ಬಸ್ಸಿನ ಸದ್ದಿನ ನಡುವೆ ಕೇಳಿದ ಅರ್ಧರ್ಧ ಮಾತು. ಹೊಟ್ಟೆ ಉರಿಯುತ್ತಿತ್ತು. ಶನಿವಾರ ಮೂರು ಗಂಟೆಗೆ ಬಟ್ಟೆ ಒಗೆಯಲು ಕೂರುತ್ತಿದ್ದೆ, ಒಗೆಯುವಷ್ಟು ಬಟ್ಟೆ ಇಲ್ಲದಿದ್ದರೂ. ಒಮ್ಮೆ ಆ ಹುಡುಗಿ ಅನುಮಾನಿಸುತ್ತ, "ಸುಳ್ಯದವರಿಗೆ ಸ್ವಲ್ಪ ಗತ್ತು ಅಂತ ಅಲ್ಲಿ ತಮಾಷೆ ಮಾಡ್ತಾರೆ ಅಕ್ಕ," ಅಂದಳು. ಗತ್ತಂತೆ. ಜೆರಾಕ್ಸ್ ಮೆಷಿನ್ನಿನ ಪಕ್ಕ ಕೂರುವವಳಿಗೆ ಎಲ್ಲಿಯ ಗತ್ತು?

ಒಂದು ವರ್ಷ ಕಳೆದಿರಬೇಕು. ಒಂದು ಶನಿವಾರ ಅವಳ ಫೋನು ಬರಲಿಲ್ಲ. ಭಾನುವಾರ ಬಂತು. ದನಿ ಯಾವಾಗಿನಂತೆ ಇರಲಿಲ್ಲ.

"ನಮ್ಮ ಪುತ್ತೂರಿನ ಅಕ್ಕ ಆಸ್ಪತ್ರೆ ಬಿಡ್ತಾರಂತೆ. ಮಗಳ ಬಾಣಂತನ ಉಂಟಲ್ಲ, ಇನ್ನು ಸಾಕು ಅಂದ್ರು. ಅವರ ಜಾಗಕ್ಕೆ ಒಂದು ಹೆಸರು ಹೇಳಿ ಅಂತ ಆಸ್ಪತ್ರೆಯವರು ಅವರನ್ನೇ ಕೇಳಿದ್ದಂತೆ. ಅವರು ನನ್ನ ಹೆಸರು ಹೇಳಿದ್ರು. ನಾನು ಕೇಳಿದ್ದಲ್ಲ ಅಕ್ಕ. ಟೀ ಕುಡಿತಾ ಇರುವಾಗ ನನ್ನನ್ನು ನೋಡಿದ್ರು, ಹೇಳಿದ್ರು."

ಒಳ್ಳೇದಾಯಿತು ಎಂದೆ. ಜಾಣೆ, ಚೆನ್ನಾಗಿ ಮಾಡುತ್ತೀಯ ಎಂದೆ. ಎರಡೂ ನಿಜವೇ. ಫೋನಿಟ್ಟು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಆ ಹುಡುಗಿಯ ಮೇಲೆ ಹೊಟ್ಟೆಕಿಚ್ಚು ಬಂತು, ಇಲ್ಲ ಎಂದರೆ ಸುಳ್ಳಾಗುತ್ತದೆ. ಈ ಕೆಲಸಗಳಿಗೆ ಪೇಪರಿನಲ್ಲಿ ಜಾಹೀರಾತು ಬರುವುದಿಲ್ಲ. ಟೀ ಕುಡಿಯುವಾಗ ಕಣ್ಣಿಗೆ ಬಿದ್ದವರಿಗೆ ಸಿಗುತ್ತದೆ. ಆ ಟೀಗೆ ನಾನಿರಲಿಲ್ಲ.

ಅದಾಗಿ ಎರಡು ವಾರಕ್ಕೆ ಅಕ್ಕ ಕಲ್ಲುಗುಂಡಿಗೆ ಬಂದರು. ಯಾರ ಕಾರೋ ಎಂದು ನೋಡಿದರೆ ಅಕ್ಕ, ರೇಷ್ಮೆ ಅಂಚಿನ ಸೀರೆ, ಕೈಯಲ್ಲಿ ಕಾರ್ಡು. ನನ್ನನ್ನು ನೋಡಿ ನಕ್ಕರು, ಆದರೆ ನನಗೆ ಏನೂ ಹೇಳಲಿಲ್ಲ. ಜಗಲಿಯಲ್ಲಿ ಕೂತರು, ಬೆಲ್ಲದ ನೀರು ಕುಡಿದರು, ಅತ್ತೆ ಒಳಗಿನಿಂದ ಬರುವವರೆಗೆ ಕಾದು ಎದ್ದು ನಿಂತು ಕಾರ್ಡು ಕೊಟ್ಟರು.

"ನಾನು ಕೆಲಸ ಬಿಡುವ ಲೆಕ್ಕದಲ್ಲಿ ದರ್ಬೆಯಲ್ಲಿ ಒಂದು ಊಟ ಇಟ್ಟಿದ್ದೇವೆ ಅಮ್ಮ. ಸೊಸೆಯನ್ನು ಕಳಿಸ್ಬೇಕು, ನೀವೂ ಬರ್ಬೇಕು."

"ಬಂದು ಹೇಳಿದ್ದೀರಲ್ಲ ಮಾರಾಯ್ರೆ, ಕಳಿಸದೆ ಉಂಟಾ?" ಅತ್ತೆಯ ಮುಖ ಅರಳಿತ್ತು. ನನ್ನ ಕಡೆ ತಿರುಗಿದರು. "ಇಷ್ಟು ಒಳ್ಳೆ ಜನ. ಇವರ ಮೀಟಿಂಗಿಗೆ ನೀನು ಎಂತಕ್ಕೆ ಹೋಗ್ಲಿಲ್ಲ?"

ಅವರಿಗೆ ಆ ಬಸಳೆಯ ದಿನ ನೆನಪೇ ಇರಲಿಲ್ಲ.

ಕಾರಿನವರೆಗೆ ಅಕ್ಕನ ಜೊತೆ ಹೋದೆ. ಬಾಗಿಲು ತೆಗೆದವರು ಅಲ್ಲೇ ನಿಂತರು.

"ನಿನ್ನ ಹೆಸರೇ ಹೇಳುದು ಅಂತ ಇದ್ದೆ. ಆದ್ರೆ ನೀನು ಒಂದು ಸಲ ಸಹ ಬರ್ಲಿಲ್ಲ. ಇಷ್ಟ ಇಲ್ಲ, ಮನೆ ಕಾಲೇಜು ಸಾಕು ಅಂತ ಮಾಡಿದ್ದಾಳೆ ಅಂದ್ಕೊಂಡೆ."

"ನೀವು ಹೇಳ್ಲೇ ಇಲ್ಲ ಅಲ್ಲಾ ಅಕ್ಕ."

"ಹೇಳಿದ್ದೆ ಅಲ್ಲಾ, ಗ್ರೂಪಲ್ಲಿ."

"ಮನೆಗೆ ಬಂದು."

ಅವರು ನನ್ನನ್ನೇ ನೋಡಿದರು. ಅರ್ಥವಾಗಲು ಹೊತ್ತು ಹಿಡಿಯಲಿಲ್ಲ, ಆ ಪಾಠ ಅವರದ್ದೇ ತಾನೇ. "ಬೇರೆಯವರ ಮನೆಗೆಲ್ಲ ಹೋಗಿ ಹೇಳಿದ್ದೆ ಮಾರಾಯ್ತಿ," ಎಂದರು ಮೆಲ್ಲಗೆ. "ನಿನ್ನನ್ನು ನಮ್ಮವಳು ಅಂತ ಬಿಟ್ಟದ್ದು. ಮನೆಯವರಿಗೆ ಹೇಳಿಕೆ ಉಂಟಾ? ಮನೆಯವರು ಬಂದು ಸೆರಗು ಕಟ್ಟುದು, ಬಡಿಸುದು, ಕಡೆಗೆ ಉಣ್ಣುದು."

"ಹಾಗಾದ್ರೆ ಈಗ ಹೇಳ್ಲಿಕ್ಕೆ ಬಂದದ್ದು ಎಂತಕ್ಕೆ?" ಎಂದು ಕೇಳಬಾರದಿತ್ತು, ಕೇಳಿಬಿಟ್ಟೆ.

"ಹೇಳದಿದ್ರೆ ನೀನು ಇದಕ್ಕೂ ಬರುದಿಲ್ಲಾಂತ ಅನಿಸಿತು," ಎಂದು ಅಕ್ಕ ಕಾರು ಹತ್ತಿದರು.

ಊಟದ ದಿನ ಅತ್ತೆ ಕಾಲುನೋವೆಂದು ಬರಲಿಲ್ಲ. ತಮ್ಮ ಪೆಟ್ಟಿಗೆಯಿಂದ ಒಂದು ಮೈಸೂರು ರೇಷ್ಮೆ ತೆಗೆದುಕೊಟ್ಟರು, ಹೇಳಿಕೆ ಕೊಟ್ಟ ಜಾಗಕ್ಕೆ ಹೇಗೆಂದರೆ ಹಾಗೆ ಉಟ್ಟುಕೊಂಡು ಹೋಗಬಾರದು ಎಂದರು. ದರ್ಬೆಯ ಆ ಮಹಡಿಯ ಕೋಣೆಯನ್ನು ನಾನು ನೋಡಿದ್ದು ಅವತ್ತೇ ಮೊದಲು. ಅಷ್ಟೇನೂ ದೊಡ್ಡದಲ್ಲ. ಕಿಟಕಿಯಿಂದ ಪೇಟೆಯ ರಸ್ತೆ ಕಾಣುತ್ತದೆ, ಒಳ್ಳೆಯ ಗಾಳಿ. ವರ್ಷವಿಡೀ ಅವರು ಇಲ್ಲಿ ಕೂತು ನಕ್ಕಿದ್ದಾರೆ ಎಂದು ಯೋಚನೆ ಬಂದು ಕಣ್ಣು ಮಂಜಾಯಿತು.

ಎಲೆ ಹಾಕಿದ್ದರು. ಕೂಟದ ಹೆಂಗಸರೆಲ್ಲ ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಾಡುತ್ತಿದ್ದರು, ಒಬ್ಬರನ್ನೊಬ್ಬರು ಏಕವಚನದಲ್ಲಿ ಬೈಯುತ್ತ. ನಾನೂ ಸೆರಗು ಸಿಕ್ಕಿಸಿ ನೀರಿನ ಜಗ್ಗು ಎತ್ತಿಕೊಂಡೆ. ವಾಟ್ಸಾಪ್ ಚಿತ್ರದಲ್ಲಿ ಮಾತ್ರ ನೋಡಿದ್ದ ಒಬ್ಬಳು ಓಡಿಬಂದು ಅದನ್ನು ನನ್ನ ಕೈಯಿಂದ ತೆಗೆದುಕೊಂಡಳು.

"ಅಯ್ಯೋ, ನೀವು ಕೂತ್ಕೊಳ್ಳಿ ಮೇಡಂ. ಇದು ನಾವು ಮಾಡ್ತೇವೆ."

ಆಸ್ಪತ್ರೆಯ ಡಾಕ್ಟರುಗಳು, ಇಬ್ಬರು ಪತ್ರಕರ್ತರು, ಅವರ ಸಾಲಿನಲ್ಲಿ ನನ್ನನ್ನು ಕೂರಿಸಿದರು. ಕೋಡಿಂಬಾಳದ ಹುಡುಗಿ ಪಾಯಸ ತಂದಳು, ನನ್ನ ಎಲೆಯ ಎದುರು ಬಗ್ಗಿ ಎರಡು ಸೌಟು ಬಡಿಸಿದಳು. ಅವಳ ಹಣೆ ಬೆವರಿತ್ತು. ಅವಳೊಡನೆ ಎದ್ದು ಹೋಗಿ ಆ ಪಾತ್ರೆಯ ಇನ್ನೊಂದು ಕಿವಿ ಹಿಡಿಯಬೇಕು ಎನಿಸಿತು. ಅರ್ಧ ಉಂಡ ಎಲೆ ಬಿಟ್ಟು ಎದ್ದರೆ ಮರ್ಯಾದೆ ಅಲ್ಲ, ಕೂತೆ.

ಸಂಜೆ ಮನೆಗೆ ಬಂದಾಗ ಅತ್ತೆ ಜಗಲಿಯಲ್ಲೇ ಕಾಯುತ್ತಿದ್ದರು.

"ಹೇಗೆ ನೋಡಿಕೊಂಡ್ರು?"

"ಚಂದ ನೋಡಿಕೊಂಡ್ರು ಅತ್ತೆ. ಕೈಯಲ್ಲಿ ಒಂದು ಜಗ್ಗು ಸಹ ಹಿಡಿಲಿಕ್ಕೆ ಬಿಡ್ಲಿಲ್ಲ. ಮೊದಲ ಪಂಕ್ತಿಯಲ್ಲೇ ಕೂರಿಸಿದ್ರು."

ಅತ್ತೆಗೆ ಬಹಳ ಸಂತೋಷವಾಯಿತು.