ಪೆನ್ಸಿಲಿನ ಒಂದು ಸಾಲು

ಒದ್ದೆ ಕಾಗದದ ಮೇಲೆ ಹರಡಿದ ಆ ನೇರಳೆ ಬಣ್ಣ ಮೂರು ದಿನದಿಂದ ಅವಳ ಕಣ್ಣು ಬಿಟ್ಟು ಕದಲುತ್ತಿರಲಿಲ್ಲ. ಮಗುವಿಗೆ ಹಾಲು ಕುಡಿಸುವಾಗಲೂ ಅದೇ, ತೊಟ್ಟಿಲು ತೂಗುವಾಗಲೂ ಅದೇ.

ಹಳೆಯ ಪುಸ್ತಕ, ಕಾಗದಪತ್ರ ರಿಪೇರಿ ಮಾಡುವುದು ಅವಳ ಕಸುಬು, ಅಪ್ಪನಿಂದ ಬಂದದ್ದು. ಈ ಕಾಗದ ತಂದವರು ಬೂಟು ಹೊಲಿಯುವ ಅಜ್ಜ. ಅನಾಥಾಲಯದ ಮಕ್ಕಳಿಗೆಲ್ಲ ಅಜ್ಜನ ಅಪ್ಪ ಒಂದು ಚಳಿಗಾಲ ಬಿಟ್ಟಿಯಾಗಿ ಬೂಟು ಹೊಲಿದುಕೊಟ್ಟಿದ್ದರಂತೆ. ಅದಕ್ಕೆ ಅಲ್ಲಿನ ಮದರ್ ಕೈಯಾರೆ ಬರೆದ ಕೃತಜ್ಞತೆಯ ಪತ್ರ ಅದು. ಆ ಮದರ್ ಈಗ ಸಂತರೆಂದು ಘೋಷಿತರಾಗಿದ್ದರು. ಭಾನುವಾರ ಪತ್ರ ಚರ್ಚಿನ ಗಾಜಿನ ಪೆಟ್ಟಿಗೆ ಸೇರಬೇಕಿತ್ತು.

“ಮಸೀಲಿ ಬರೆದಿರೋದು ಎಲ್ರಿಗೂ ಬರೆಯೋ ಮಾತು ಕಣಮ್ಮ. ಕೆಳಗೆ ಪೆನ್ಸಿಲಲ್ಲಿ ಇದೆಯಲ್ಲ, ಅದು ನಮ್ಮಪ್ಪಂಗೆ ಮಾತ್ರ. ಓದು,” ಎಂದು ಅಜ್ಜ ಎರಡು ಸಲ ಓದಿಸಿಕೊಂಡಿದ್ದರು: ‘ಕುಂಟು ಹುಡುಗಿ ಬೂಟು ಬಿಚ್ಚದೆ ಮಲಗಿದ್ದಾಳೆ. ನಾನೂ ಬಿಚ್ಚಿಸಲಿಲ್ಲ.’

ಆ ದಿನ ಮಸಿಯ ಮೇಲೆ ಹನಿ ನೀರಿಟ್ಟು ನೋಡಿದಳು, ಬಣ್ಣ ಬಿಡಲಿಲ್ಲ. ಪೆನ್ಸಿಲು ತಾನೇ, ನೀರಿಗೆ ಜಗ್ಗದು ಎಂದು ಅದನ್ನು ಪರೀಕ್ಷಿಸಲಿಲ್ಲ. ಒಳಗೆ ಮಗು ಬೇರೆ ಕಿರುಚುತ್ತಿತ್ತು. ಕೊಳೆ ತೆಗೆಯಲೆಂದು ಕಾಗದವನ್ನು ತಟ್ಟೆಯ ನೀರಿಗೆ ಇಳಿಸಿದಳು. ಅದು ನಕಲು ತೆಗೆಯುವ ಹಳೆಯ ಕಾಲದ ಪೆನ್ಸಿಲು: ಒಣಗಿದ್ದರೆ ಬೂದು, ನೀರು ತಾಗಿದರೆ ನೇರಳೆ ಮಸಿ. ಮೇಲೆತ್ತುವಷ್ಟರಲ್ಲಿ ಸಾಲು ಕದಡಿಹೋಗಿತ್ತು.

“ಅಜ್ಜಂಗೆ ಕಣ್ಣು ಮಂಜು. ಮೊದಲೇ ಹಾಗಿತ್ತು ಅಂದ್ಬಿಡು,” ಎಂದ ಗಂಡ.

“ಕಣ್ಣು ಮಂಜಾದ್ರೆ ಕಿವೀನೂ ಮಂಜಾ? ನಾನೇ ಎರಡು ಸಲ ಓದಿ ಹೇಳಿದೀನಲ್ರೀ!”

“ಸರಿ, ಆಕಾಶವೇ ತಲೆ ಮೇಲೆ ಬಿದ್ದ ಹಾಗೆ ಆಡ್ಬೇಡ,” ಅತ್ತೆ ಗದರಿದರು. “ಅಕ್ಷರ ತಿದ್ದೋದು ನಿಂಗೇನು ಹೊಸದಾ? ಅದರ ಮೇಲೇ ಬರೆದ್ಬಿಡು.”

ಆ ಮಾತು ತಲೆಯೊಳಗೆ ಹುಳದಂತೆ ಕೊರೆಯಿತು. ಶನಿವಾರ ಬೆಳಗ್ಗೆ ರದ್ದಿ ಕಾಗದದ ಮೇಲೆ ಆ ಸಾಲು ಬರೆದು ನೋಡಿದಳು. ಅದೇ ವಾಲು, ಅದೇ ಕೊಂಬು. ಮದರ್ ಕೈಯೇ ಅನ್ನಬೇಕು. ನಾಳೆ ಗಾಜಿನಾಚೆ ಜನ ಕೈಮುಗಿಯುವುದು ಇದಕ್ಕೆ, ತನ್ನ ಗೀಚಿಗೆ! ಆ ರದ್ದಿ ಕಾಗದವನ್ನು ಪರಪರನೆ ಹರಿದು, ಮಗುವನ್ನು ಹೆಗಲಿಗೇರಿಸಿಕೊಂಡು ಫೋನು ಹಚ್ಚಿದಳು.

“ಯಾರು?” ಅಜ್ಜನ ದನಿಯ ಹಿಂದೆ ಟಕ್ ಟಕ್ ಸುತ್ತಿಗೆ. ಅಂದಾಜಿನ ಮೇಲೆ ಈಗಲೂ ಮೊಳೆ ಹೊಡೆಯುವವರು ಅವರು.

“ನಾನು ಅಜ್ಜ, ಕಾಗದ ರಿಪೇರಿಯವಳು. ಆ ಪೆನ್ಸಿಲ್ ಸಾಲು… ನನ್ನ ಕೈಯಿಂದಲೇ ಹಾಳಾಯ್ತು. ನೀರಲ್ಲಿ ಕದಡಿಹೋಯ್ತು.”

ಸುತ್ತಿಗೆಯ ಸದ್ದು ನಿಂತಿತು. ಅವಳು ಫೋನು ಇಡಲಿಲ್ಲ.